ಫಾರ್ಮ್ಯಾಟ್ ಹೊಡೆಯುವ ಮುಂಚೆ

ಹುಬ್ಬಳ್ಳಿಯ ಯಾವ ಲ್ಯಾಪ್‌ಟಾಪ್ ರಿಪೇರಿ ಅಂಗಡಿಯ ಮುಂದೆ ನಿಂತರೂ ಎರಡು ಮಾತು ಕಿವಿಗೆ ಬೀಳದೆ ಇರುವುದಿಲ್ಲ. ಗಿರಾಕಿ ಹೇಳುವುದು: “ಭಾಳ ಹ್ಯಾಂಗ್ ಆಗಾಕತ್ತೈತ್ರಿ.” ಅಂಗಡಿಯವರು ಹೇಳುವುದು: “ಫಾರ್ಮ್ಯಾಟ್ ಹೊಡದು ಕೊಡ್ತೇವ್ರಿ, ಸಂಜಿಕೆ ಬರ್ರಿ.” ನಿಧಾನಕ್ಕೆ ಕಾರಣ ವಿಂಡೋಸ್ ಆಗಿದ್ದರೆ ಈ ಉಪಾಯ ನಡೆದುಬಿಡುತ್ತದೆ. ಕಾರಣ ಹಾರ್ಡ್ ಡಿಸ್ಕೇ ಆಗಿದ್ದರೆ ಕಥೆ ಬೇರೆ. ಒಳಗಿನ ಫೈಲುಗಳ ಪಟ್ಟಿ ಅಳಿಯುತ್ತದೆ, ಅದರ ಮೇಲೆ ಹೊಸ ವಿಂಡೋಸಿನ ಹತ್ತಾರು ಜಿಬಿ ಬಂದು ಕೂರುತ್ತದೆ, ಎರಡು ವಾರದಲ್ಲಿ ಅದೇ ಲ್ಯಾಪ್‌ಟಾಪು ಅದೇ ಅಂಗಡಿಗೆ ವಾಪಸ್ ಬರುತ್ತದೆ. ಆಗ ಹಳೆಯ ಫೈಲು ಕೇಳಿದರೆ ಕೊಡಲು ಯಾರ ಹತ್ತಿರವೂ ಏನೂ ಇರುವುದಿಲ್ಲ.

ಕೆಡುತ್ತಿರುವ ಡಿಸ್ಕಿನಲ್ಲಿ ಇನ್ನೆಷ್ಟು ಓದು ಉಳಿದಿದೆ ಎಂದು ಹೊರಗಿನಿಂದ ಹೇಳಲು ಬರುವುದಿಲ್ಲ. ಆದರೆ ಮಾಡುವ ಪ್ರತಿ ಕೆಲಸವೂ ಆ ಗಂಟಿನಿಂದಲೇ ಖರ್ಚಾಗುತ್ತದೆ. ವಿಂಡೋಸ್ ಶುರುವಾಗುವುದು ಖರ್ಚು. ಆಂಟಿವೈರಸ್ ಸ್ಕ್ಯಾನು ಖರ್ಚು. ಡಿಸ್ಕು ಸರಿಯಿದೆಯೇ ಎಂದು ನೋಡುವ ಪರೀಕ್ಷೆಯೂ ಖರ್ಚೇ. ಹಾಗಾಗಿ ಈ ರಿಪೇರಿಯಲ್ಲಿ ಅರ್ಧ ಜಾಣತನ ಯಾವುದು ಮೊದಲು, ಯಾವುದು ಆಮೇಲೆ ಎಂಬುದರಲ್ಲೇ ಇದೆ.

ಡಿಸ್ಕು ಕೆಟ್ಟರೆ ಲ್ಯಾಪ್‌ಟಾಪು ಒಮ್ಮೆಲೇ ನಿಲ್ಲುವ ಬದಲು ನಿಧಾನವಾಗುವುದು ಏಕೆ? ಲ್ಯಾಪ್‌ಟಾಪಿನ ಎರಡೂವರೆ ಇಂಚಿನ ಡಿಸ್ಕು ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ 11 ಮಿಲಿಸೆಕೆಂಡು. ತಟ್ಟೆಯ ಮೇಲಿನ ಪ್ರತಿ ಸೆಕ್ಟರಿನ, ಅಂದರೆ ಮಾಹಿತಿ ಬರೆಯುವ ಪ್ರತಿ ಚಿಕ್ಕ ತುಂಡಿನ ಜೊತೆಗೂ ತಪ್ಪು ಹಿಡಿಯುವ ಲೆಕ್ಕವೊಂದು ಬರೆದಿರುತ್ತದೆ. ಓದಿದ್ದಕ್ಕೂ ಆ ಲೆಕ್ಕಕ್ಕೂ ತಾಳೆಯಾಗದಿದ್ದರೆ ಡಿಸ್ಕು ಮುಂದಿನ ಸುತ್ತಿಗೆ ಕಾದು ಮತ್ತೆ ಓದುತ್ತದೆ, ಓದಿ ಬರೆಯುವ ಮೊನೆಯಾದ ಹೆಡ್ಡನ್ನು ಕೂದಲೆಳೆಯಷ್ಟು ಆಚೀಚೆ ಸರಿಸಿ ಮತ್ತೂ ಓದುತ್ತದೆ. ಸೆಕೆಂಡಿಗೆ 90 ಸಲ. ಲ್ಯಾಪ್‌ಟಾಪ್ ಡಿಸ್ಕುಗಳು ಸುಲಭಕ್ಕೆ ಸೋಲೊಪ್ಪುವ ಜಾತಿಯವಲ್ಲ, ಒಂದೇ ಸೆಕ್ಟರಿಗೆ ಹಲವು ಸೆಕೆಂಡು ಹಟ ಹಿಡಿಯುತ್ತವೆ. ಅಷ್ಟೂ ಹೊತ್ತು ಉಳಿದ ಕೆಲಸಗಳೆಲ್ಲ ಸಾಲಿನಲ್ಲಿ ನಿಂತಿರುತ್ತವೆ. ಮೌಸು ಓಡಾಡುತ್ತದೆ, ಆದರೆ ಒತ್ತಿದ್ದು ತೆರೆಯುವುದಿಲ್ಲ.

ಟಾಸ್ಕ್ ಮ್ಯಾನೇಜರಿನಲ್ಲಿ ಇದು ಕಣ್ಣಿಗೆ ಕಾಣುತ್ತದೆ. ಪರ್ಫಾರ್ಮೆನ್ಸ್ ಪುಟಕ್ಕೆ ಹೋಗಿ ಡಿಸ್ಕನ್ನು ಆರಿಸಿ. ಡಿಸ್ಕು 100 ಪ್ರತಿಶತ ಎಂದು ತೋರಿಸಿದ ಮಾತ್ರಕ್ಕೆ ಅದು ಕೆಟ್ಟಿದೆ ಎಂದಲ್ಲ, ವಿಂಡೋಸ್ ಅಪ್‌ಡೇಟ್ ನಡೆಯುವಾಗ ಗಟ್ಟಿಮುಟ್ಟಾದ ಡಿಸ್ಕೂ 100 ತೋರಿಸುತ್ತದೆ. ನೋಡಬೇಕಾದ್ದು ಅದರ ಪಕ್ಕದ ಎರಡು ಅಂಕಿ. ಆರೋಗ್ಯವಂತ ಡಿಸ್ಕು 100ರಲ್ಲಿದ್ದರೆ ಸೆಕೆಂಡಿಗೆ ಒಂದಷ್ಟು ಎಂಬಿ ಓದುತ್ತಲೋ ಬರೆಯುತ್ತಲೋ ಇರುತ್ತದೆ, ಅದರ ಸರಾಸರಿ ಪ್ರತಿಕ್ರಿಯೆ ಸಮಯ ಹತ್ತಾರು, ಹೆಚ್ಚೆಂದರೆ ಕೆಲವು ನೂರು ಮಿಲಿಸೆಕೆಂಡು. ಕೆಟ್ಟ ಡಿಸ್ಕು 100ರಲ್ಲಿದ್ದಾಗ ಓದು ಸೊನ್ನೆಯ ಹತ್ತಿರ ಬಿದ್ದಿರುತ್ತದೆ, ಸಮಯ ಸಾವಿರಗಳಲ್ಲಿ ಏರಿರುತ್ತದೆ. ವಿಂಡೋಸ್ ತನ್ನ ದೋಷಗಳನ್ನು ದಾಖಲಿಸುವ ಈವೆಂಟ್ ವ್ಯೂವರಿನ ಸಿಸ್ಟಮ್ ಲಾಗಿನಲ್ಲಿ ಡಿಸ್ಕ್ ಹೆಸರಿನಲ್ಲಿ 7, 51, 153 ಎಂಬ ಸಂಖ್ಯೆಗಳು ಸಾಲಾಗಿ ಕಂಡರೆ ಅನುಮಾನ ಇನ್ನಷ್ಟು ಗಟ್ಟಿಯಾಗುತ್ತದೆ. 7 ಎಂದರೆ ಕೆಟ್ಟ ಬ್ಲಾಕು ಸಿಕ್ಕಿದೆ, 153 ಎಂದರೆ ಓದು ಬರಹವನ್ನು ಮತ್ತೆ ಪ್ರಯತ್ನಿಸಬೇಕಾಯಿತು.

ಮುಂದಿನದು ಡಿಸ್ಕು ತನ್ನ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ದಿನಚರಿ, ಸ್ಮಾರ್ಟ್. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶ ಸಾಕು. ಅದರ ಪೋರ್ಟಬಲ್ ಆವೃತ್ತಿಯನ್ನು ಬೇರೆ ಕಂಪ್ಯೂಟರಿನಲ್ಲಿ ಇಳಿಸಿಕೊಂಡು ಪೆನ್‌ಡ್ರೈವಿನಿಂದಲೇ ನಡೆಸಿ, ಸಾಯುತ್ತಿರುವ ಡಿಸ್ಕಿನ ಮೇಲೆ ಹೊಸದೇನನ್ನೂ ಬರೆಸಬೇಡಿ. ತೆರೆದ ಕೂಡಲೇ ಮೆನುವಿನಲ್ಲಿ ಅಂಕಿಗಳನ್ನು ದಶಮಾನಕ್ಕೆ ಬದಲಿಸಿ. ಮೊದಲು ಕಾಣುವುದು ಹದಿನಾರರ ಲೆಕ್ಕ. ಅಲ್ಲಿ 10 ಎಂದಿದ್ದರೆ ಅದು ಹದಿನಾರು.

ಹತ್ತಿಪ್ಪತ್ತು ಸಾಲುಗಳಲ್ಲಿ ಮುಖ್ಯವಾದವು ನಾಲ್ಕೈದೇ. 05 ಎಂಬುದು ಕೆಟ್ಟು, ಬದಲಿ ಜಾಗಕ್ಕೆ ಸಾಗಿಸಲಾದ ಸೆಕ್ಟರುಗಳ ಲೆಕ್ಕ. ಸಿ5 ಎಂಬುದು ಓದಲು ಬಾರದೆ ತೀರ್ಮಾನಕ್ಕೆ ಕಾಯುತ್ತಿರುವ ಸೆಕ್ಟರುಗಳದು. ಸಿ6 ಎಂದರೆ ಡಿಸ್ಕು ತಾನೇ ಪರೀಕ್ಷಿಸಿಕೊಂಡಾಗಲೂ ಓದಲಾಗದೆ ಹೋದವು. 0ಎ ಎಂಬುದು ಮೋಟರು ಮೊದಲ ಯತ್ನಕ್ಕೆ ತಿರುಗದೆ ಮತ್ತೆ ಯತ್ನಿಸಿದ ಲೆಕ್ಕ, ಇದು ಸೊನ್ನೆಯೇ ಇರಬೇಕು. 09 ಡಿಸ್ಕು ನಡೆದ ಗಂಟೆಗಳು. ಸೀಗೇಟ್ ಡಿಸ್ಕುಗಳಲ್ಲಿ 01 ಮತ್ತು 07ರ ಮುಂದೆ ಕೋಟಿಗಟ್ಟಲೆ ಅಂಕಿ ಕಂಡು ಗಾಬರಿಯಾಗುವವರು ಬಹಳ. ಅಲ್ಲಿ ತಪ್ಪುಗಳ ಲೆಕ್ಕವನ್ನೂ ಒಟ್ಟು ಓದಿನ ಲೆಕ್ಕವನ್ನೂ ಒಂದೇ ಸಂಖ್ಯೆಯಲ್ಲಿ ಕಟ್ಟಿರುತ್ತಾರೆ, ಅದನ್ನು ಬಿಟ್ಟುಬಿಡಿ.

ಸಿ7ನ್ನು ಬೇರೆಯಾಗಿಯೇ ಹೇಳಬೇಕು. ಅದು ತಟ್ಟೆಯ ದೋಷವನ್ನಲ್ಲ, ಡಿಸ್ಕಿಗೂ ಮದರ್‌ಬೋರ್ಡಿಗೂ ನಡುವಿನ ದಾರಿಯಲ್ಲಿ ಕೆಟ್ಟ ಮಾಹಿತಿಯನ್ನು ಎಣಿಸುತ್ತದೆ. ಬಹಳ ಲ್ಯಾಪ್‌ಟಾಪುಗಳಲ್ಲಿ ಆ ದಾರಿ ಎಂದರೆ ತೆಳ್ಳನೆಯ ಪಟ್ಟಿ ಕೇಬಲ್. 05, ಸಿ5 ಎರಡೂ ಸೊನ್ನೆಯಿದ್ದು ಸಿ7 ಮಾತ್ರ ದಿನದಿನಕ್ಕೆ ಏರುತ್ತಿದ್ದರೆ, ಕೇಬಲನ್ನು ಬಿಚ್ಚಿ ಮತ್ತೆ ಕೂರಿಸಿ, ಆಗದಿದ್ದರೆ ಕೇಬಲ್ ಬದಲಿಸಿ. ಆ ಲೆಕ್ಕ ಇಳಿಯುವುದಿಲ್ಲ, ಏರುವುದು ನಿಂತಿತೇ ಎಂದಷ್ಟೇ ನೋಡಬೇಕು. ಹೊಸ ಡಿಸ್ಕು ಕೊಂಡ ಮೇಲೂ “ಹಂಗ ಐತ್ರಿ” ಎಂದು ಬರುವ ಲ್ಯಾಪ್‌ಟಾಪುಗಳಲ್ಲಿ ಈ ಕೇಬಲನ್ನು ಮೊದಲು ಅನುಮಾನಿಸಬೇಕು.

ಸಿ5 ಓದುವಾಗ ನಮ್ಮ ಕಡೆಯ ಒಂದು ರೂಢಿಯನ್ನೂ ನೆನಪಿಡಬೇಕು. ಹಳೆಯ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತ ಮೇಲೆ ಅದನ್ನು ಚಾರ್ಜರಿಗೇ ಸಿಕ್ಕಿಸಿ ನಡೆಸುವುದು ಅಂಗಡಿ ಮನೆ ಎಲ್ಲ ಕಡೆ ಇದ್ದದ್ದೇ. ಅದು ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿಗೆ ಸಮ. ಕರೆಂಟು ಹೋದ ಕ್ಷಣ ತಿರುಗುತ್ತಿರುವ ತಟ್ಟೆಯ ವೇಗದಿಂದಲೇ ಡಿಸ್ಕು ಒಂದಿಷ್ಟು ವಿದ್ಯುತ್ ಹುಟ್ಟಿಸಿಕೊಂಡು ಹೆಡ್ಡನ್ನು ಬದಿಗೆ ಎಳೆದುಕೊಳ್ಳುತ್ತದೆ. ಹೆಡ್ಡು ಉಳಿಯುತ್ತದೆ, ಆದರೆ ಆಗ ಬರೆಯುತ್ತಿದ್ದ ಸೆಕ್ಟರು ಅರ್ಧಕ್ಕೇ ನಿಂತು ಅದರ ಲೆಕ್ಕ ತಪ್ಪಬಹುದು. ಅಂಥ ಸೆಕ್ಟರು ಸಿ5ಗೆ ಸೇರುತ್ತದೆ. ಅಲ್ಲಿ ತಟ್ಟೆ ಗಟ್ಟಿಯಾಗಿಯೇ ಇರುತ್ತದೆ, ಅದರ ಮೇಲೆ ಹೊಸದಾಗಿ ಬರೆದರೆ ಸರಿಹೋಗಿ ಸಿ5 ಮತ್ತೆ ಸೊನ್ನೆಗೆ ಇಳಿಯುತ್ತದೆ, 05 ಏರುವುದಿಲ್ಲ. ಇಂಥಲ್ಲಿ ಸಿ5 ಬಹಳ ಸಲ 8, 16, 24 ಎಂದು ಎಂಟರ ಮಗ್ಗಿಯಲ್ಲಿ ಕಾಣುತ್ತದೆ. ಈಚಿನ ಡಿಸ್ಕುಗಳ ನಿಜವಾದ ಸೆಕ್ಟರು 4096 ಬೈಟಿನದು, ಕಂಪ್ಯೂಟರಿಗೆ ಮಾತ್ರ ಅದನ್ನು 512ರ ಎಂಟು ತುಂಡಾಗಿ ತೋರಿಸುತ್ತವೆ. ಒಂದು ಹೋದರೆ ಎಂಟು ಹೋದಂತೆ. ಹಾಗಾಗಿ 05 ಸೊನ್ನೆ, ಸಿ5 ಎಂಟು, ಬ್ಯಾಟರಿ ಸತ್ತಿದೆ ಎಂದರೆ ಬ್ಯಾಕಪ್ ತೆಗೆದು, ಬ್ಯಾಟರಿ ಹಾಕಿಸಿ, ಒಂದು ವಾರ ಕಾದು ನೋಡಬಹುದು. 05 ಹಾಗೂ ಸಿ5 ಎರಡೂ ಏರುತ್ತಿದ್ದರೆ ಕಾಯುವುದರಲ್ಲಿ ಅರ್ಥವಿಲ್ಲ.

ದೂಳಿಗೆ ಮಾತ್ರ ಅನ್ಯಾಯವಾಗಿ ಬೈಗುಳ ಬೀಳುತ್ತದೆ. ಎರೆಹೊಲದ ದೂಳು ಡಿಸ್ಕಿನ ಒಳಗೆ ಹೋಗುವುದಿಲ್ಲ, ಉಸಿರಾಟದ ಸಣ್ಣ ತೂತಿಗೆ ಒಳಗಡೆ ಫಿಲ್ಟರು ಇರುತ್ತದೆ. ಅದು ಕಟ್ಟಿಕೊಳ್ಳುವುದು ಫ್ಯಾನಿಗೆ, ಆಮೇಲೆ ಬಿಸಿಯ ಪೆಟ್ಟು ಡಿಸ್ಕಿಗೆ. 60 ಡಿಗ್ರಿ ಬಹಳ ಡಿಸ್ಕುಗಳ ಮೇಲ್ಮಿತಿ. ದೂಳಿಗಿಂತ ಕೆಟ್ಟದ್ದು ಮುಚ್ಚಳವನ್ನಷ್ಟೇ ಮುಚ್ಚಿ ಬ್ಯಾಗಿಗೆ ಹಾಕಿಕೊಂಡು ಬೈಕಿನಲ್ಲಿ ಧಾರವಾಡದಿಂದ ಹುಬ್ಬಳ್ಳಿಗೆ ಹೊರಡುವುದು. ಸ್ಲೀಪಿಗೆ ಹೋಗಬೇಕಾದ ಲ್ಯಾಪ್‌ಟಾಪು ಅಪ್‌ಡೇಟಿಗಾಗಿ ಎಚ್ಚರವಾಗಿಯೇ ಇದ್ದರೆ, ಇಪ್ಪತ್ತು ಕಿಲೋಮೀಟರು ಪ್ರತಿ ಹಂಪಿನಲ್ಲೂ ಹೆಡ್ಡು ತಿರುಗುವ ತಟ್ಟೆಯ ಮೇಲೆ ಕೆಲವೇ ನ್ಯಾನೋಮೀಟರು ಎತ್ತರದಲ್ಲಿ ಹಾರುತ್ತಿರುತ್ತದೆ.

ಸ್ಮಾರ್ಟ್ ಚೊಕ್ಕವಾಗಿದೆ ಎಂದು ನಿಶ್ಚಿಂತೆಯಾಗಿರುವುದೂ ತಪ್ಪು. ಗೂಗಲ್ ತನ್ನ ಒಂದು ಲಕ್ಷಕ್ಕೂ ಮಿಕ್ಕಿದ ಡಿಸ್ಕುಗಳ ಮೇಲೆ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಟ್ಟ ಡಿಸ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಅತಿ ಮುಖ್ಯವಾದ ನಾಲ್ಕು ಸೂಚನೆಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ. ಅದೇ ಅಧ್ಯಯನದ ಇನ್ನೊಂದು ಅಂಕಿ: ಮೊದಲ ಸ್ಕ್ಯಾನ್ ದೋಷ ಕಂಡ ಡಿಸ್ಕು ಮುಂದಿನ 60 ದಿನದಲ್ಲಿ ಸಾಯುವ ಸಾಧ್ಯತೆ, ದೋಷವಿಲ್ಲದ ಡಿಸ್ಕಿಗಿಂತ 39 ಪಟ್ಟು ಹೆಚ್ಚು. ಸ್ಮಾರ್ಟ್ ಕೆಟ್ಟದ್ದು ಹೇಳಿದರೆ ನಂಬಿ, ಒಳ್ಳೆಯದು ಹೇಳಿದರೆ ಅರ್ಧ ನಂಬಿ.

ಟಕ್ ಟಕ್ ಎಂಬ ಸದ್ದು ಬರುತ್ತಿದ್ದರೆ, ಕರಕರ ಉಜ್ಜುತ್ತಿದ್ದರೆ, ಅಥವಾ ತಿರುಗಲಾರದೆ ಗುಂಯ್ ಎಂದು ನಿಲ್ಲುತ್ತಿದ್ದರೆ ಮೇಲಿನ ಯಾವುದೂ ಬೇಡ. ತಕ್ಷಣ ಬಂದ್ ಮಾಡಿ. ಒಳಗಿನದು ಅಷ್ಟು ಬೆಲೆಬಾಳುವಂಥದ್ದಾದರೆ ಸ್ವಚ್ಛ ಕೋಣೆ ಇರುವ ಡೇಟಾ ರಿಕವರಿಯವರ ಹತ್ತಿರವೇ ಹೋಗಬೇಕು. ಫ್ರಿಜ್ಜಿನಲ್ಲಿಟ್ಟು ತೆಗೆದರೆ ತಟ್ಟೆಯ ಮೇಲೆ ನೀರಿನ ಹನಿ ಕಟ್ಟುತ್ತದೆ. ಅದೇ ಮಾಡೆಲಿನ ಇನ್ನೊಂದು ಡಿಸ್ಕಿನ ಹಸಿರು ಬೋರ್ಡು ತಂದು ಹಾಕಿದರೂ ನಡೆಯುವುದು ಅಪರೂಪ, ಆಯಾ ಡಿಸ್ಕಿನ ಹೆಡ್ಡಿಗೆ ಹೊಂದಿಸಿದ ಲೆಕ್ಕಗಳು ಆಯಾ ಬೋರ್ಡಿನ ಚಿಪ್ಪಿನಲ್ಲೇ ಇರುತ್ತವೆ. ಮುಚ್ಚಳ ಬಿಚ್ಚಿದರೆ ಮುಗಿಯಿತು.

ಸದ್ದಿಲ್ಲದ, ನಿಧಾನವಾದ, ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಚ್ಚರಿಕೆಯ ಹಳದಿ ಗುರುತು ತೋರಿಸಿದ ಡಿಸ್ಕಾದರೆ ಈಗ ನಕಲಿನ ಸರದಿ. ಇಲ್ಲಿ ಬಹಳ ಜನ ಮಾಡುವ ತಪ್ಪು, ವಿಂಡೋಸಿನದೇ ಡಿಸ್ಕ್ ದುರಸ್ತಿ ಆಜ್ಞೆಯಾದ ಚೆಕ್‌ಡಿಸ್ಕನ್ನು ಸ್ಲ್ಯಾಶ್ ಆರ್ ಹಾಕಿ ಓಡಿಸುವುದು. ಅದು ಇಡೀ ಡಿಸ್ಕನ್ನು ತುದಿಯಿಂದ ತುದಿಗೆ ಓದುತ್ತದೆ, ಕೆಟ್ಟ ಜಾಗದಲ್ಲಿ ಗಂಟೆಗಟ್ಟಲೆ ಕೂರುತ್ತದೆ, ಹೊಂದದ ಫೈಲುಗಳನ್ನು ತುಂಡರಿಸಿ ‘ಸರಿ’ ಮಾಡುತ್ತದೆ. ಅದರ ಗುರಿ ಫೈಲ್ ವ್ಯವಸ್ಥೆ ನೆಟ್ಟಗಿರುವುದು, ನಿಮ್ಮ ಫೈಲು ಉಳಿಯುವುದಲ್ಲ. ಎಚ್‌ಪಿಯಲ್ಲಿ ಎಫ್2, ಡೆಲ್‌ನಲ್ಲಿ ಎಫ್12 ಒತ್ತಿ ಸಿಗುವ ತಪಾಸಣೆಯಲ್ಲೂ ಎರಡು ಮೂರು ನಿಮಿಷದ ಚಿಕ್ಕ ಪರೀಕ್ಷೆಗೆ ನಿಲ್ಲಿಸಿ. ಡೆಲ್ ಅಲ್ಲಿಯೇ 2000-0142 ಎಂದು ತೋರಿಸಿದರೆ ಡಿಸ್ಕು ತನ್ನ ಪರೀಕ್ಷೆಯಲ್ಲಿ ತಾನೇ ನಪಾಸಾಗಿದೆ ಎಂದರ್ಥ. ಗಂಟೆಗಟ್ಟಲೆಯ ದೊಡ್ಡ ಪರೀಕ್ಷೆ ನಕಲು ಮುಗಿದ ಮೇಲೆ.

ಯಾವ ಫೈಲು ಮೊದಲು? ಫೋಟೋ ಎಲ್ಲರಿಗೂ ನೆನಪಾಗುತ್ತದೆ. ಮರೆಯುವಂಥವು ಬೇರೆ. ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಾಗಲಿ ಅಮರಗೋಳದ ಎಪಿಎಂಸಿಯಲ್ಲಾಗಲಿ ಲ್ಯಾಪ್‌ಟಾಪಿನ ಜೀವ ಇರುವುದು ಲೆಕ್ಕಪತ್ರದ ತಂತ್ರಾಂಶ ಟ್ಯಾಲಿಯ ಡೇಟಾ ಫೋಲ್ಡರಿನಲ್ಲಿ. ಅದು ಡೆಸ್ಕ್‌ಟಾಪಿನಲ್ಲಿ ಇರುವುದಿಲ್ಲ, ಟ್ಯಾಲಿಯ ಒಳಗೇ ಡೇಟಾದ ದಾರಿ ಎಲ್ಲಿದೆ ಎಂದು ನೋಡಿ, 10000 ಎಂಬಂಥ ಅಂಕಿಯ ಹೆಸರಿನ ಫೋಲ್ಡರುಗಳನ್ನು ಇಡಿಯಾಗಿ ಎತ್ತಿಕೊಳ್ಳಬೇಕು. ಟ್ಯಾಲಿ ಇನ್ನೂ ತೆರೆಯುತ್ತಿದ್ದರೆ ಲೈಸೆನ್ಸನ್ನು ಸರೆಂಡರ್ ಮಾಡಿಡಿ, ಹೊಸ ಡಿಸ್ಕಿನಲ್ಲಿ ಚಾಲೂ ಮಾಡಲು ತೊಂದರೆಯಾಗುವುದಿಲ್ಲ. ಔಟ್‌ಲುಕ್ ಬಳಸುವವರ ಇಮೇಲುಗಳಿರುವ ಪಿಎಸ್‌ಟಿ ಫೈಲು, ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡುಗಳು ಇದೇ ಗುಂಪಿಗೆ.

ಗದಗ ಮುದ್ರಣಕ್ಕೆ ಹೆಸರಾದ ಊರು. ಅಲ್ಲಿನ ಡಿಟಿಪಿ ಕಂಪ್ಯೂಟರುಗಳಲ್ಲಿ, ಇಲ್ಲಿನ ಶಾಲೆ, ವಕೀಲರ ಕಚೇರಿಗಳಲ್ಲಿ ಇನ್ನೂ ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪಾದ ಕಡತಗಳು ರಾಶಿ ಬಿದ್ದಿವೆ. ಯೂನಿಕೋಡ್ ಅಲ್ಲದ ಆ ಫೈಲುಗಳಲ್ಲಿ ಕನ್ನಡ ಅಕ್ಷರ ಇರುವುದೇ ಇಲ್ಲ, ಇರುವುದು ಇಂಗ್ಲಿಷಿನ ಸಂಕೇತಗಳು. ನುಡಿ 01 ಇ, ಬಿಆರ್‌ಎಚ್ ಕನ್ನಡದಂಥ ಫಾಂಟು ಅವುಗಳಿಗೆ ಕನ್ನಡದ ವೇಷ ತೊಡಿಸುತ್ತದೆ. ಫೈಲು ನಕಲಿಸಿ ಫಾಂಟು ಬಿಟ್ಟರೆ ಹೊಸ ಡಿಸ್ಕಿನಲ್ಲಿ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಂತೆ. ಫೈಲೇ ಹಾಳಾಯಿತೆಂದು ಅಳಿಸಿಹಾಕುವವರೂ ಇದ್ದಾರೆ. ಆದ್ದರಿಂದ ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರನ್ನು ಇಡಿಯಾಗಿ ನಕಲಿಸಿಕೊಳ್ಳಿ. ಕೆಲವು ನೂರು ಎಂಬಿಗೆ ಜಿಪುಣತನ ಬೇಡ.

ನಕಲಿಗೆ ಎಕ್ಸ್‌ಪ್ಲೋರರ್ ಒಳ್ಳೆಯದಲ್ಲ, ಕೆಟ್ಟ ಫೈಲು ಸಿಕ್ಕಲ್ಲೇ ಕೂತುಬಿಡುತ್ತದೆ. ನಕಲಿಸುವ ಆಜ್ಞೆ ರೋಬೋಕಾಪಿ ವಿಂಡೋಸಿನಲ್ಲೇ ಇದೆ, ಆದರೆ ಅದಕ್ಕೆ ಹೇಳದಿದ್ದರೆ ಒಂದು ಫೈಲಿಗೆ ಹತ್ತು ಲಕ್ಷ ಸಲ, ಪ್ರತಿ ಸಲಕ್ಕೂ 30 ಸೆಕೆಂಡು ಬಿಟ್ಟು ಪ್ರಯತ್ನಿಸುತ್ತದೆ. ಇಂಥದ್ದನ್ನು ಯಾವ ಪುಣ್ಯಾತ್ಮ ತೀರ್ಮಾನಿಸಿದನೋ. ಮರುಯತ್ನದ ಆರ್ ಮತ್ತು ಕಾಯುವ ಸೆಕೆಂಡಿನ ಡಬ್ಲ್ಯೂ ಎರಡನ್ನೂ 1ಕ್ಕೆ ಇಳಿಸಿಯೇ ಶುರುಮಾಡಬೇಕು.

ಇದಕ್ಕಿಂತ ಉತ್ತಮ ದಾರಿ, ಕೆಟ್ಟ ಡಿಸ್ಕಿನಿಂದ ವಿಂಡೋಸನ್ನೇ ಎಬ್ಬಿಸದಿರುವುದು. ಉಬುಂಟುವಿನಂಥ ಲಿನಕ್ಸನ್ನು ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಕೆಟ್ಟ ಡಿಸ್ಕನ್ನು ನಕಲಿಸಲೆಂದೇ ಇರುವ ಗ್ನೂ ಡಿಡಿರೆಸ್ಕ್ಯೂ ಹಾಕಿಕೊಳ್ಳಿ. ಹಳೆಯ ಡಿಸ್ಕು ಲ್ಯಾಪ್‌ಟಾಪಿನ ಒಳಗೇ ಇರಲಿ, ನಕಲು ಬೀಳುವ ಡಿಸ್ಕು ಯುಎಸ್‌ಬಿಯಲ್ಲಿರಲಿ. ಹಿಂದುಮುಂದಾದರೆ ಕೆಟ್ಟ ಸೆಕ್ಟರು ಸಿಕ್ಕಾಗ ಯುಎಸ್‌ಬಿ ಕೊಂಡಿ ಕಳಚಿಕೊಳ್ಳಬಹುದು. ಡಿಡಿರೆಸ್ಕ್ಯೂ ಮೊದಲ ಸುತ್ತಿನಲ್ಲಿ ಸಲೀಸಾಗಿ ಬರುವುದನ್ನೆಲ್ಲ ಬಾಚಿಕೊಂಡು, ತೊಡರಿದಲ್ಲಿ ಮುಂದಕ್ಕೆ ಹಾರುತ್ತದೆ. ಎಲ್ಲಿ ಏನಾಯಿತು ಎಂದು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತದೆ, ನಡುವೆ ಕರೆಂಟು ಹೋದರೂ ಬಿಟ್ಟಲ್ಲಿಂದ ಹಿಡಿಯಬಹುದು. ಮೊದಲ ಸಲ ಎನ್ ಆಯ್ಕೆ ಕೊಟ್ಟು ಕೆಟ್ಟ ಜಾಗವನ್ನು ಕೆರೆದು ಓದುವ ಹಂತ ಬಿಡಿ, ಎರಡನೇ ಸಲ ಆರ್ 3 ಎಂದು ಮೂರು ಮರುಯತ್ನ ಸಾಕು. ಮೂಲ ಯಾವುದು, ನಕಲು ಯಾವುದು ಎಂದು ಮಾಡೆಲ್ ಮತ್ತು ಸೀರಿಯಲ್ ಸಂಖ್ಯೆ ಓದಿ ಎರಡು ಸಲ ಖಚಿತ ಮಾಡಿಕೊಳ್ಳಿ. ಹೆಸರು ಅದಲುಬದಲಾದರೆ ಖಾಲಿ ಡಿಸ್ಕು ತುಂಬಿದ ಡಿಸ್ಕಿನ ಮೇಲೆ ನಕಲಾಗುತ್ತದೆ. ಫೈಲಾಗಿ ಉಳಿಸುವುದಾದರೆ ಹೊರಗಿನ ಡಿಸ್ಕು ಫ್ಯಾಟ್32 ಆಗಿರಬಾರದು, ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲು ಹಿಡಿಸುವುದಿಲ್ಲ. ಚೆಕ್‌ಡಿಸ್ಕ್ ಬೇಕೇ ಬೇಕು ಎನಿಸಿದರೆ ಈ ನಕಲಿನ ಮೇಲೆ ಓಡಿಸಿ.

ಬಿಚ್ಚುವ ಮುಂಚೆ ಇನ್ನೊಂದು. ಡಿಸ್ಕಿಗೆ ವಿಂಡೋಸಿನ ಗೂಢಲಿಪಿಯಾದ ಬಿಟ್‌ಲಾಕರ್ ಬೀಗ ಬಿದ್ದಿದೆಯೇ ನೋಡಿ. ಮೈಕ್ರೋಸಾಫ್ಟ್ ಖಾತೆಯಿಂದ ಸೈನ್ ಇನ್ ಆದ ಈಚಿನ ಲ್ಯಾಪ್‌ಟಾಪುಗಳಲ್ಲಿ ಕೇಳದೆಯೇ ಬಿದ್ದಿರುತ್ತದೆ. ಅದರ 48 ಅಂಕಿಯ ಕೀಲಿ ಆ ಖಾತೆಯ ಪುಟದಲ್ಲಿ ಸಿಗುತ್ತದೆ, ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಹೊಸದು ಯಾವುದು ಎಂಬ ಪ್ರಶ್ನೆಗೆ ಹೆಚ್ಚು ಹೊತ್ತು ಬೇಡ: ಎಸ್‌ಎಸ್‌ಡಿ, ತಿರುಗುವ ತಟ್ಟೆಯಿಲ್ಲದ ಚಿಪ್ಪಿನ ಡಿಸ್ಕು. ಹಾರ್ಡ್ ಡಿಸ್ಕಿಗೆ ಒಂದು ಜಾಗ ಹುಡುಕಿ ತಲುಪಲು ಹದಿನೈದರಿಂದ ಇಪ್ಪತ್ತು ಮಿಲಿಸೆಕೆಂಡು ಬೇಕು, ಎಸ್‌ಎಸ್‌ಡಿಗೆ ಅದರ ನೂರನೇ ಒಂದು ಭಾಗ. ಹತ್ತು ವರ್ಷದ ಲ್ಯಾಪ್‌ಟಾಪಿನಲ್ಲೂ ಇದು ಎದ್ದು ಕಾಣುತ್ತದೆ. ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ 7 ಮಿಲಿಮೀಟರು ದಪ್ಪ. ಹಳೆಯ ಡಿಸ್ಕು ಒಂಬತ್ತೂವರೆಯದಾಗಿದ್ದರೆ ನಡುವೆ ಸ್ಪೇಸರ್ ಪಟ್ಟಿ ಹಾಕಿ, ಇಲ್ಲವಾದರೆ ಕನೆಕ್ಟರು ಅಲ್ಲಾಡುತ್ತದೆ. ಪಟ್ಟಿಯಂಥ ಎಸ್‌ಎಸ್‌ಡಿ ಕೂರಿಸುವ ಎಂ.2 ಕಿಂಡಿ ಇದ್ದರೆ ಅದು ಸಾಟಾ ಒಪ್ಪುತ್ತದೋ ಎನ್‌ವಿಎಂಇ ಒಪ್ಪುತ್ತದೋ ಎಂದು ಮಾಡೆಲಿನ ಕೈಪಿಡಿಯಲ್ಲಿ ನೋಡಿ, ಹೊರನೋಟಕ್ಕೆ ಎರಡೂ ಒಂದೇ ತರಹ. ಹಾರ್ಡ್ ಡಿಸ್ಕೇ ಬೇಕೆಂದು ಕೊಂಡವರು ಅಂಗಡಿಯಲ್ಲೇ 09 ನೋಡಬೇಕು. ಹೊಸ ಡಿಸ್ಕಿನಲ್ಲಿ ಅದು ಸೊನ್ನೆ ಅಥವಾ ಒಂದೆರಡು. ಸಾವಿರಗಳಲ್ಲಿದ್ದರೆ ಹಳೆಯ ಡಿಸ್ಕಿಗೆ ಹೊಸ ಲೇಬಲ್ ಅಂಟಿದೆ.

ಕೈಕೆಲಸ ಅರ್ಧ ಗಂಟೆಯದು. ಬಂದ್ ಮಾಡಿ, ಚಾರ್ಜರ್ ತೆಗೆದು, ಬ್ಯಾಟರಿ ಕಳಚಿ. ಬ್ಯಾಟರಿ ಒಳಗಿದ್ದರೆ ಹಿಂಬದಿ ತೆರೆದ ಕೂಡಲೇ ಅದರ ಕನೆಕ್ಟರ್ ಬಿಡಿಸಿ. ಆಮೇಲೆ ಪವರ್ ಬಟನ್ನನ್ನು ಹದಿನೈದು ಸೆಕೆಂಡು ಒತ್ತಿ ಹಿಡಿದರೆ ಉಳಿದ ಚಾರ್ಜು ಇಳಿಯುತ್ತದೆ. ಸ್ಕ್ರೂಗಳಿಗೆ ಪಿಎಚ್0 ತುದಿಯ ಡ್ರೈವರ್. ಹಾಳೆಯ ಮೇಲೆ ಲ್ಯಾಪ್‌ಟಾಪಿನ ಬೆನ್ನಿನ ಚಿತ್ರ ಗೀಚಿ, ತೆಗೆದ ಸ್ಕ್ರೂವನ್ನು ಅದರದೇ ಜಾಗದಲ್ಲಿ ಟೇಪಿನಿಂದ ಅಂಟಿಸಿ. ಉದ್ದನೆಯದನ್ನು ಗಿಡ್ಡದರ ತೂತಿಗೆ ತಿರುಗಿಸಿದರೆ ಮುಂಗೈ ಇಡುವ ಜಾಗದಲ್ಲಿ ಗುಬುಟು ಏಳುತ್ತದೆ, ಕೆಲವೊಮ್ಮೆ ಮದರ್‌ಬೋರ್ಡನ್ನೇ ಚುಚ್ಚುತ್ತದೆ. ಎಲ್ಲ ತೆಗೆದರೂ ಮುಚ್ಚಳ ಬಾರದಿದ್ದರೆ ಬಲ ಹಾಕಬೇಡಿ, ರಬ್ಬರಿನ ಕಾಲಿನ ಕೆಳಗೋ ಡಿವಿಡಿ ಡ್ರೈವಿನ ಜಾಗದಲ್ಲೋ ಒಂದು ಅಡಗಿರುತ್ತದೆ. ಹಳೆಯ ಎಟಿಎಂ ಕಾರ್ಡನ್ನು ಮೂಲೆಯಿಂದ ತೂರಿಸಿ ಕ್ಲಿಪ್ಪುಗಳನ್ನು ಒಂದೊಂದಾಗಿ ಬಿಡಿಸಿ. ಡಿಸ್ಕನ್ನು ಕನೆಕ್ಟರಿನಿಂದ ಅಡ್ಡಲಾಗಿ ನೇರ ಎಳೆಯಬೇಕು, ಮೇಲಕ್ಕೆ ಎತ್ತಿದರೆ ಪ್ಲಾಸ್ಟಿಕ್ ನಾಲಿಗೆ ಮುರಿಯುತ್ತದೆ. ಡಿಸ್ಕನ್ನು ಹಿಡಿದಿರುವ ಚೌಕಟ್ಟಾದ ಕ್ಯಾಡಿಯ ನಾಲ್ಕು ಎಂ3 ಸ್ಕ್ರೂಗಳನ್ನು ಹೊಸದಕ್ಕೆ ಬದಲಾಯಿಸಿ ಕೂರಿಸಿದರೆ ಆಯಿತು.

ಇಡೀ ಡಿಸ್ಕಿನ ನಕಲನ್ನೇ ಹೊಸದಕ್ಕೆ ಹಾಕುವುದೋ, ಹೊಸದಾಗಿ ವಿಂಡೋಸ್ ಹಾಕುವುದೋ? ಡಿಡಿರೆಸ್ಕ್ಯೂ ಎಲ್ಲವನ್ನೂ ಓದಿದ್ದರೆ, ಹೊಸ ಡಿಸ್ಕು ಹಳೆಯದಕ್ಕಿಂತ ಚಿಕ್ಕದಲ್ಲದಿದ್ದರೆ, ಹಳೆ ಪ್ರಿಂಟರು, ಡಿಟಿಪಿ ಹೊಂದಿಕೆಗಳೆಲ್ಲ ಹಾಗೇ ಬೇಕಿದ್ದರೆ ನಕಲು. ಕೆಲವು ಸೆಕ್ಟರು ಬಾರದೆ ಉಳಿದಿದ್ದರೆ ಅವು ವಿಂಡೋಸಿನ ಯಾವ ಫೈಲಿನವೋ ತಿಳಿಯದು, ಹೊಸದಾಗಿ ಹಾಕುವುದೇ ಲೇಸು. ವಿಂಡೋಸ್ 8 ಅಥವಾ ಅದರ ಮುಂದಿನದರೊಂದಿಗೆ ಬಂದ ಲ್ಯಾಪ್‌ಟಾಪಾದರೆ ಕೀಲಿ ಮದರ್‌ಬೋರ್ಡಿನಲ್ಲೇ ಇರುತ್ತದೆ, ಡಿಸ್ಕು ಬದಲಾದರೆ ಲೈಸೆನ್ಸು ಹೋಗುವುದಿಲ್ಲ. ನಕಲು ಹಾಕಿದ ಮೇಲೆ ನೀಲಿ ಪರದೆ ಬಂದು ಬೂಟ್ ಸಾಧನ ಸಿಗುತ್ತಿಲ್ಲ ಎಂದರೆ ವಿಂಡೋಸಿಗೂ ಮುಂಚೆ ತೆರೆಯುವ ಬಯಾಸಿನಲ್ಲಿ ಸಾಟಾ ವಿಧಾನ ಎಎಚ್‌ಸಿಐ ಮತ್ತು ರೇಡ್ ನಡುವೆ ಬದಲಾಗಿದೆಯೇ ನೋಡಿ, ಮೊದಲಿದ್ದುದಕ್ಕೇ ಮರಳಿಸಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾರ್ಡ್ ಡಿಸ್ಕಿನ ಕಾಲದ ಬಹಳಷ್ಟು ಲ್ಯಾಪ್‌ಟಾಪುಗಳು ವಿಂಡೋಸ್ 11ರ ಷರತ್ತಿಗೆ ನಿಲ್ಲುವುದಿಲ್ಲ. ಟ್ಯಾಲಿಯ ಹಂಗಿಲ್ಲದ ವಿದ್ಯಾರ್ಥಿಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ ಕೊಡುವುದರಲ್ಲಿ ತಪ್ಪೇನಿಲ್ಲ.

ಹಳೆಯ ಡಿಸ್ಕಿನ ಮೇಲೆ ತಾರೀಖು ಬರೆದು ಒಂದೆರಡು ತಿಂಗಳು ಇಟ್ಟುಕೊಳ್ಳಿ, ಮರೆತ ಫೋಲ್ಡರು ನೆನಪಾಗುವುದು ಆಗಲೇ. ಗುಜರಿಗೆ ಮಾತ್ರ ಹಾಗೇ ಕೊಡಬೇಡಿ. ಬದಲಿ ಜಾಗ ಪಡೆದ ಕೆಟ್ಟ ಸೆಕ್ಟರುಗಳ ಮೇಲೆ ಮತ್ತೆ ಬರೆಯಲು ಬಾರದ್ದರಿಂದ ಪೂರ್ತಿ ಅಳಿಸಲು ಆಗುವುದಿಲ್ಲ, ತಟ್ಟೆಯನ್ನೇ ಮುರಿಯಬೇಕು. ಲ್ಯಾಪ್‌ಟಾಪ್ ಡಿಸ್ಕಿನ ತಟ್ಟೆ ಕನ್ನಡಿಯಂತೆ ಹೊಳೆಯುವುದರಿಂದ ಲೋಹವೆಂದೇ ತೋರುತ್ತದೆ, ಆದರೆ ಬಹಳಷ್ಟರಲ್ಲಿ ಅದು ಗಾಜು. ದಪ್ಪ ಬಟ್ಟೆಯಲ್ಲಿ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಸುತ್ತಿಗೆಯಿಂದ ಒಂದು ಏಟು.